ಹಳ್ಳಕ್ಕೆ ಬಿಡುವ ನೀರು

ದುಂಡಸಿ
೧೮ ನವೆಂಬರ್ ೨೦೨೪

ವಿದ್ಯಾ,

ಮೊನ್ನೆ ನೀನು ನಮ್ಮ ಶಾಲೆಯ ಚಹಾ ಮುಟ್ಟದೆ ಹೋದೆ. ನನಗೆ ಸಿಟ್ಟು ಬಂದಿದೆ. ಮೊದಲು ಅದನ್ನು ಬರೆದುಬಿಟ್ಟೆ, ಇನ್ನು ಉಳಿದ ಮಾತು.

ಸವಣೂರಿನ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಇಷ್ಟು ವರ್ಷಗಳ ಮೇಲೆ ಎದುರಾದಾಗ ನೀನು ಜೀಪಿನಿಂದ ಇಳಿದ ಪರಿಸರ ಅಧಿಕಾರಿ, ನಾನು ಈ ಹೆಣ್ಣುಮಕ್ಕಳ ವಸತಿ ಶಾಲೆಯ ಹೆಡ್‌ಮೇಡಂ. ನೀವು ಬರುತ್ತೀರೆಂದು ತಿಳಿಸಿದ ಕಾಗದದಲ್ಲಿ ಹೆಸರು ನೋಡಿದ್ದೆ, ಆದರೆ ಜಿಲ್ಲೆಯಲ್ಲಿ ವಿದ್ಯಾ ಎನ್ನುವವರಿಗೇನು ಬರವೇ? ಜೀಪಿನಿಂದ ಇಳಿದವಳೇ ಸೆರಗನ್ನು ಸೊಂಟಕ್ಕೆ ಸಿಗಿಸಿದೆ ನೋಡು, ಆಗ ಗುರುತು ಹಿಡಿದೆ. "ಯವ್ವಾ, ಇಕಿ ನಮ್ಮ ವಿದ್ಯಾ ಅಲ್ಲೇನು!" ಎಂದು ಬಾಯಿ ತನಕ ಬಂದಿತ್ತು. ನೀನು "ನಮಸ್ಕಾರ್ರಿ ಮೇಡಂ, ನಿಮ್ಮ ಎಸ್‌ಟಿಪಿ ಎಲ್ಲೈತ್ರಿ?" ಎಂದೆ. ಬಂದ ಮಾತನ್ನು ನುಂಗಿಕೊಂಡೆ.

ನಾವು ಅದಕ್ಕೆ ಎಸ್‌ಟಿಪಿ ಎನ್ನುವುದಿಲ್ಲ, 'ಟಾಕಿ' ಎನ್ನುತ್ತೇವೆ. ಹೊಲಸು ನೀರನ್ನು ತಿಳಿ ಮಾಡಲು ಅಡುಗೆಮನೆಯ ಹಿಂದೆ ಸಾಲಾಗಿ ನಾಲ್ಕು ತೊಟ್ಟಿ. ಬಚ್ಚಲು, ಪಾಯಖಾನೆಯ ನೀರೆಲ್ಲ ಒಂದು ತುದಿಯಿಂದ ಒಳಗೆ ಹೋಗಿ, ಗಾಳಿಯ ಮೋಟಾರಿನ ಗುಡುಗುಡು ತಿಂದು, ಇನ್ನೊಂದು ತುದಿಯಿಂದ ಹಳ್ಳಕ್ಕೆ ಹೋಗುತ್ತದೆ. ನೀನು ಆ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಾಟಲಿ ತುಂಬಿಕೊಳ್ಳುವಾಗ ನನಗೆ ಸವಣೂರಿನ ಬಚ್ಚಲು ನೆನಪಾಯಿತು. ಹೊರಗೆ ಬಕೀಟು ಹಿಡಿದು ಪಾಳಿ ನಿಂತ ನಾವು, ಒಳಗೆ ಹಾಡುತ್ತ ಕುಳಿತ ನೀನು, ಬಾಗಿಲು ಬಡಿದು "ಏ ವಿದ್ಯಾ, ಒಳಗೇನು ಲಗ್ನಾ ನಡಸೀಯೇನ?" ಎಂದು ಕೂಗುತ್ತಿದ್ದ ವಾರ್ಡನ್ ಸರೋಜವ್ವ. ಆ ಬಚ್ಚಲ ನೀರು ಹಿತ್ತಲಿನ ಬಾಳೆಗೆ ಹೋಗುತ್ತಿತ್ತು. ಯಾವ ಸಾಹೇಬನೂ ಪರವಾನಗಿ ಕೇಳಲಿಲ್ಲ. ಬಾಳೆ ಕುಡಿದು ಗೊನೆ ಬಿಟ್ಟಿತು, ನಾವು ಅದನ್ನು ಕದ್ದು ತಿಂದೆವು.

ಮನೆಯ ವಿಳಾಸವನ್ನು ನಿನ್ನ ಡ್ರೈವರನಿಂದ ಇಸಿದುಕೊಂಡೆ. ಬೈಯಬೇಡ ಅವನಿಗೆ. ಸರೋಜವ್ವ ಹೇಳಿಕೊಟ್ಟಂತೆ ಪುಸ್ತಕದ ಕನ್ನಡದಲ್ಲೇ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ ಕಳಿಸು. ನಮ್ಮ ನೀರು ಪಾಸಾಯಿತೋ ಇಲ್ಲವೋ ಅದನ್ನೂ ಹೇಳು.

ನಿನ್ನ
ನೀಲಾ


ಹಾನಗಲ್ಲ
೨೯ ನವೆಂಬರ್ ೨೦೨೪

ನೀಲೀ,

ತಪಾಸಣೆಗೆ ಹೋದಲ್ಲಿ ನಾನು ನೀರನ್ನೂ ಕುಡಿಯುವುದಿಲ್ಲ. ಒಂದು ಕಪ್ ಚಹಾ ಕುಡಿದರೆ ನಾಳೆ ಯಾರಾದರೂ ಅದಕ್ಕೆ ಬೇರೆ ಹೆಸರಿಡುತ್ತಾರೆ. ನಿನ್ನನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಜೀಪಿನಿಂದ ಇಳಿಯುವ ಮೊದಲೇ ಹಿಡಿದಿದ್ದೆ. ನಿನ್ನ ಹಿಂದೆ ಅಷ್ಟೊಂದು ಹುಡುಗಿಯರು ಸಾಲಾಗಿ ನಿಂತಿದ್ದರು, ಅವರ ಮುಂದೆ ನಾನು ಹೇಗೆ ನಿನ್ನ ಕೊರಳಿಗೆ ಬೀಳಲಿ?

ಈಗ ಕಹಿ ಮಾತು. ನಿಮ್ಮ ನೀರು ಪಾಸಾಗಿಲ್ಲ. ಹೊಲಸು ಹಾಗೆಯೇ ಹೊರಗೆ ಬರುತ್ತಿದೆ. ಹಳ್ಳದ ದಂಡೆಯಲ್ಲಿ ಸೊಪ್ಪು ಬೆಳೆಯುವ ಕರೆವ್ವ ಕೊಟ್ಟ ಅರ್ಜಿಯ ಮೇಲೆಯೇ ನಾನು ಬಂದದ್ದು. ಆಕೆಯ ಎಮ್ಮೆ ಹಳ್ಳದ ನೀರಿಗೆ ಬಾಯಿ ಹಾಕುತ್ತಿಲ್ಲ. ಆಕೆಯ ಮೆಂತ್ಯೆ ಸೊಪ್ಪು ಮೂಸಿ ನೋಡಿ ಜನ ಹಾಗೆಯೇ ಇಟ್ಟು ಹೋಗುತ್ತಾರಂತೆ. ಆಕೆಯ ಮಾತಿನಲ್ಲಿ ಸುಳ್ಳಿಲ್ಲ, ನೀಲೀ.

ಹಳ್ಳಕ್ಕೆ ನೀರು ಬಿಡುವ ನಿಮ್ಮ ಪರವಾನಗಿ ಈ ಮಾರ್ಚಿಗೆ ಮುಗಿಯುತ್ತದೆ. ಅದರೊಳಗೆ ಇನ್ನೆರಡು ಸಲ ನೀರು ತೆಗೆಯುತ್ತೇವೆ. ಆಗಲೂ ಹೀಗೆಯೇ ಇದ್ದರೆ ಜೂನಿನಲ್ಲಿ ಹಾಸ್ಟೆಲು ತೆರೆಯಲು ಬಿಡುವುದಿಲ್ಲ. ಹಗಲು ಶಾಲೆ ನಡೆಸಬಹುದು, ಆದರೆ ನಿಮ್ಮ ಹುಡುಗಿಯರೆಲ್ಲ ದೂರದ ಹಳ್ಳಿಯವರು ಎಂದು ನನಗೆ ಗೊತ್ತು.

ಗೆಳತಿಯಾಗಿ ನಾನು ಮಾಡಬಲ್ಲದ್ದು ಒಂದೇ. ಮುಂದಿನ ಸಲ ಬರುವ ವಾರ ಮೊದಲೇ ನಿನಗೆ ಕಾರ್ಡು ಹಾಕುತ್ತೇನೆ. ಅಷ್ಟರಲ್ಲಿ ಎಲ್ಲ ನೆಟ್ಟಗೆ ಮಾಡಿಕೊ. ಫೋನು ಮಾತ್ರ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಮೆತ್ತಗಾಗಿಬಿಡುತ್ತೇನೆ. ಬರೆ. ಬರೆದದ್ದಕ್ಕೆ ನಾನು ಗಟ್ಟಿಯಾಗಿ ಉತ್ತರ ಕೊಡಬಲ್ಲೆ.

ಬಾಳೆಗೊನೆ ಕದ್ದವಳು ನೀನು. ನಾನು ತಿಂದೆ ಅಷ್ಟೆ.

ವಿದ್ಯಾ


ದುಂಡಸಿ
೨೦ ಜನವರಿ ೨೦೨೫

ವಿದ್ಯಾ,

ನಿನ್ನ ಕಾರ್ಡಿಗೆ ನಾನು ಕೈಮುಗಿದೆ. ಅದು ಬಂದ ದಿನದಿಂದ ನೀನು ಬಂದು ಹೋಗುವ ತನಕ ನಮ್ಮಲ್ಲಿ ಯಾರೂ ಕುಂಡೆ ಊರಿ ಕುಳಿತಿಲ್ಲ. ಶಾಲೆಯ ಕಸ ನೆಲ ಎಲ್ಲ ನೋಡಿಕೊಳ್ಳುವ ನಮ್ಮ ಮುದಕವ್ವ ಅಂತೂ "ಈ ಸಲ ಸಾಹೇಬ್ರು ಮಾರಿ ನೋಡ್ಕೋಬೇಕು ನೆಲದಾಗ, ಹಂಗ ಮಾಡ್ತೇನಿ ನೋಡ್ರಿ" ಎಂದು ಸೀರೆ ಮೇಲೆತ್ತಿ ಕಟ್ಟಿ ನಿಂತುಬಿಟ್ಟಳು. ಒಂಬತ್ತನೆಯ ತರಗತಿಯ ಹುಡುಗಿಯರೂ ಪೊರಕೆ ಹಿಡಿದರು. ನಮ್ಮ ಶಾಲೆ ಅಷ್ಟು ಥಳಥಳ ಹೊಳೆದದ್ದನ್ನು ನಾನೇ ನೋಡಿರಲಿಲ್ಲ. ಈ ಸಲ ಪಾಸಾಗದಿದ್ದರೆ ದೇವರೇ ಇಲ್ಲ.

ನಿನಗೆ ಪ್ರಶ್ನೆ ಕೇಳಿದಳಲ್ಲ, ಎರಡು ಜಡೆಯ ಕಪ್ಪು ಹುಡುಗಿ, ಆಕೆಯ ಹೆಸರು ತಿಪ್ಪವ್ವ, ಒಂಬತ್ತನೆಯ ತರಗತಿ. "ಮೇಡಂ, ನೀರಿನ ಪರೀಕ್ಷಾಕ್ಕೂ ಸಿಲೆಬಸ್ ಇರ್ತೈತೇನ್ರಿ?" ಎಂದಾಗ ನೀನು ನಕ್ಕೆ. ಎರಡು ಸಲದಲ್ಲಿ ಅದೊಂದೇ ನಗು ನಮ್ಮ ಅಂಗಳದಲ್ಲಿ ಬಿದ್ದದ್ದು. ಆಮೇಲೆ ಆಕೆ ಇಡೀ ಶಾಲೆಗೆ ಸಾರಿಕೊಂಡು ಬಂದಳು, "ಸಾಹೇಬ್ರು ನನ್ನ ಕೂಡ ನಕ್ಕರು" ಎಂದು. ಆಕೆಯ ಅಪ್ಪ ಗುತ್ತೆಪ್ಪ ಹಿರೇಕೆರೂರಿನ ಕಡೆಯವನು, ನಿನ್ನ ತವರಿನವನೇ. ಮಗಳನ್ನು ಇಲ್ಲಿ ತನಕ ಓದಿಸಿದ್ದೇ ದೊಡ್ಡದು. ಊರಿನಲ್ಲಿದ್ದರೆ ಕಂಪನಿಗಳಿಗೆ ಬೀಜ ಬೆಳೆದುಕೊಡುವ ಪ್ಲಾಟಿಗೆ ಕೂಲಿಗೆ ಕಳಿಸುತ್ತಿದ್ದ.

ಸವಣೂರಿನ ದೊಡ್ಡಹುಣಸೆ ಮರಗಳು ಇನ್ನೂ ಇವೆಯಂತೆ. ಒಂದು ಸಲ ಹಾಸ್ಟೆಲಿನವರೆಲ್ಲ ಕೈ ಕೈ ಹಿಡಿದು ಆ ಬೊಡ್ಡೆಯನ್ನು ಸುತ್ತಲು ಹೋದೆವು. ನೀನು ಮರದ ಆ ಕಡೆ, ನಾನು ಈ ಕಡೆ. "ನೀಲೀ, ಎಲ್ಲಿದ್ದೀಯೇ?" ಎಂದು ನೀನು ಕೂಗಿದರೆ ಮರವೇ ಕೂಗಿದಂತೆ ಇತ್ತು. ಈ ಪರೀಕ್ಷೆ ಮುಗಿಯಲಿ, ಇಬ್ಬರೂ ಬಸ್ಸು ಹತ್ತಿ ಹೋಗಿಬರೋಣ. ಎಲೆ ಅಡಿಕೆ ತಿಂದು ಬಾಯಿ ಕೆಂಪು ಮಾಡಿಕೊಂಡು ಬರೋಣ.

ಬೇಗ ಬರೆ. ನಾನಿಲ್ಲಿ ದಿನಾ ಅಂಚೆಯವನ ದಾರಿ ಕಾಯುತ್ತೇನೆ.

ನೀಲಾ


ಹಾನಗಲ್ಲ
೮ ಫೆಬ್ರವರಿ ೨೦೨೫

ನೀಲಾ,

ಫೇಲ್. ಮೊದಲನೆಯ ಸಲಕ್ಕಿಂತ ಕೆಟ್ಟದಾಗಿದೆ. ತೊಟ್ಟಿಯೊಳಗೆ ಜೀವವೇ ಇಲ್ಲ ಎನ್ನುವ ಹಾಗೆ ಬಂದಿದೆ.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಕರೆಂಟಿನ ಬಿಲ್ಲಿಗೆ ಹೆದರಿ ಗಾಳಿಯ ಮೋಟಾರು ಬಂದ್ ಮಾಡುತ್ತೀರಾ? ಬಹಳ ಕಡೆ ಹೀಗೆ ಮಾಡುತ್ತಾರೆ. ಅಧಿಕಾರಿ ಬಂದಾಗ ಚಾಲೂ, ಬೆನ್ನು ತಿರುಗಿದ ಕೂಡಲೇ ಬಂದ್. ನಿನಗೆ ವಾರ ಮೊದಲು ತಿಳಿಸಿದರೂ ನೀರು ಸುಧಾರಿಸಿಲ್ಲ ಎಂದರೆ ನಾನು ಏನೆಂದು ತಿಳಿಯಲಿ? ನೀನು ನನ್ನಿಂದ ಏನೋ ಮುಚ್ಚಿಡುತ್ತಿದ್ದೀಯ ಎಂದು ಅನಿಸುತ್ತಿದೆ.

ನೋಟೀಸು ಶಾಲೆಗೆ ತಲುಪಿರಬೇಕು. ಅದರ ಕೆಳಗಿನ ಸಹಿ ನನ್ನದೇ. ಮಾರ್ಚಿನಲ್ಲಿ ಕೊನೆಯ ಸಲ ಬರುತ್ತೇನೆ, ಕಾರ್ಡು ಹಾಕುತ್ತೇನೆ.

ಕರೆವ್ವ ಮೊನ್ನೆ ಆಫೀಸಿನ ತನಕ ಬಂದಿದ್ದಳು. ಬಾಡಿದ ಸೊಪ್ಪಿನ ಸೂಡನ್ನು ನನ್ನ ಮೇಜಿನ ಮೇಲಿಟ್ಟು, "ನೀವಽ ತಿನ್ರಿ ಇದನ್ನ" ಎಂದಳು.

ವಿದ್ಯಾ


ದುಂಡಸಿ
೫ ಮಾರ್ಚ್ ೨೦೨೫

ಮಾನ್ಯ ಅಧಿಕಾರಿಗಳೇ,

ತಾವು ಕೊನೆಯ ಸಲ ಬರುವ ಕಾರ್ಡು ತಲುಪಿದೆ.

ತಮ್ಮ ಪ್ರಶ್ನೆಗೆ ಉತ್ತರ: ನಮ್ಮ ಮೋಟಾರು ಬಂದ್ ಆಗಿಲ್ಲ. ಕರೆಂಟು ಹೋದಾಗ ಜನರೇಟರ್ ಹಚ್ಚಿದ್ದೇವೆ, ಹುಡುಗಿಯರು ಮೇಣದ ಬತ್ತಿಯಲ್ಲಿ ಓದುವಾಗಲೂ ಟಾಕಿಗೆ ಗಾಳಿ ಕೊಟ್ಟಿದ್ದೇವೆ. ಮುಚ್ಚಿಡುವವಳು ನಾನಲ್ಲ. ತಾವು ಬೇಕಾದ್ದು ತಿಳಿದುಕೊಳ್ಳಬಹುದು, ಅಧಿಕಾರ ತಮ್ಮದು.

ತಮಗೋಸ್ಕರ ಏನೇನು ಮಾಡಿದೆವು ಎಂದು ಹೇಳಿಕೊಳ್ಳಬಾರದು ಎಂದಿದ್ದೆ. ಈಗ ಹೇಳುತ್ತೇನೆ. ಜನವರಿಯಲ್ಲಿ ತಮ್ಮ ಕಾರ್ಡು ಬಂದ ಮರುದಿನವೇ ಶಿಗ್ಗಾಂವದಿಂದ ಫಿನೈಲಿನ ದೊಡ್ಡ ಕ್ಯಾನುಗಳನ್ನು, ಬ್ಲೀಚಿಂಗ್ ಪುಡಿಯ ಚೀಲವನ್ನು, ಆ್ಯಸಿಡ್ ಬಾಟಲಿಗಳನ್ನು ತರಿಸಿದೆ. ಪಾಯಖಾನೆ, ಬಚ್ಚಲು, ಮೋರಿ ಯಾವುದನ್ನೂ ಬಿಡಲಿಲ್ಲ. ಮುದಕವ್ವನ ಅಂಗೈ ಸುಟ್ಟು ಚರ್ಮ ಸುಲಿಯಿತು. "ಸಾಹೇಬ್ರ ಮುಂದ ನಮ್ಮ ಮಾನ ಹೋಗಬಾರದ್ರೀ" ಎಂದು ಆ ಕೈಯಲ್ಲೇ ಇನ್ನೊಂದು ಕ್ಯಾನು ಸುರಿದಳು. ತೊಟ್ಟಿಯ ವಾಸನೆ ತಮ್ಮ ಮೂಗಿಗೆ ಬಡಿಯಬಾರದೆಂದು ತಾವು ಬರುವ ದಿನ ಬೆಳಿಗ್ಗೆ ಅದರೊಳಗೂ ಒಂದಿಷ್ಟು ಹಾಕಿಸಿದೆ. ಮನೆಗೆ ಬರುವವರಿಗೆ ಅಂಗಳ ನೋಡಿಯೇ ಮರ್ಯಾದೆ ತಿಳಿಯಬೇಕು ಎಂದು ಸವಣೂರಿನಲ್ಲಿ ಒಬ್ಬಾಕೆ ನಮಗೆ ಕಲಿಸಿದ್ದಳು. ತಮಗೆ ಮರೆತಿರಬಹುದು.

ಪಾಲಕರ ಸಭೆಯಲ್ಲಿ ತಮ್ಮ ನೋಟೀಸನ್ನು ನಾನೇ ಓದಿದೆ. ಗುತ್ತೆಪ್ಪ ಎದ್ದು ನಿಂತ. "ಮುಚ್ಚೋ ಸಾಲ್ಯಾಗ ಕಲತು ಏನ್ ಮಾಡ್ತಾಳ್ರಿ? ಪ್ಲಾಟಿನಾಗ ಹುಡುಗ್ಯಾರ ಕೈ ಬೇಕಾಗ್ಯಾವು. ಇವತ್ತಽ ಕರ್ಕೊಂಡು ಹೋಕ್ಕೇನಿ" ಎಂದ. ತಿಪ್ಪವ್ವ ಅಳಲಿಲ್ಲ. ಟ್ರಂಕು ಎತ್ತಿಕೊಳ್ಳುವ ಮೊದಲು ಗಣಿತದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಇದು ಸಾಲೀದ್ರಿ" ಎಂದಳು. ಈಗ ಆಕೆ ಟೊಮೆಟೊ ಹೂವಿಗೆ ಹೂವಿನ ಪುಡಿ ಮುಟ್ಟಿಸುತ್ತ ಬಿಸಿಲಿನಲ್ಲಿ ನಿಂತಿದ್ದಾಳೆ. ಜೂನಿಗೆ ಉಳಿದವರೂ ಹೋಗುತ್ತಾರೆ. ಕೆಲವರು ಪ್ಲಾಟಿಗೆ, ಕೆಲವರು ಗಂಡನ ಮನೆಗೆ. ಒಬ್ಬೊಬ್ಬರ ಹೆಸರೂ ನನಗೆ ಬಾಯಿಪಾಠ ಇದೆ.

ಬರ್ರಿ. ಬಾಟಲಿ ತುಂಬಿಕೊಂಡು ಹೋಗ್ರಿ.

ತಮ್ಮ ವಿಶ್ವಾಸಿ
ಹೆಡ್‌ಮೇಡಂ


ಹಾನಗಲ್ಲ
೯ ಮಾರ್ಚ್ ೨೦೨೫

ನೀಲೀ, ನನ್ನ ನೀಲೀ,

ನಿನ್ನ ಪತ್ರ ಓದಿ ಅತ್ತೆ, ಆಮೇಲೆ ನಕ್ಕೆ, ಮತ್ತೆ ಅತ್ತೆ. ಮನೆಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು.

ಇಂದಿನಿಂದ ಒಂದು ಹನಿ ಫಿನೈಲೂ ಮುಟ್ಟಬೇಡಿ. ಬ್ಲೀಚಿಂಗ್ ಇಲ್ಲ, ಆ್ಯಸಿಡ್ ಇಲ್ಲ. ನೀರು, ಬ್ರಶ್ಶು, ಬೇಕಾದರೆ ಚೂರು ಸೋಪು. ಅಷ್ಟೇ.

ಯಾಕೆ ಹೇಳುತ್ತೇನೆ ಕೇಳು. ಆ ತೊಟ್ಟಿಯೊಳಗೆ ನೀರು ತಿಳಿ ಮಾಡುವುದು ಮೋಟಾರಲ್ಲ. ಕಣ್ಣಿಗೆ ಕಾಣದ ಸಣ್ಣ ಜೀವಗಳಿವೆ, ಅವೇ ಹೊಲಸನ್ನು ತಿನ್ನುವುದು. ಮೋಟಾರು ಅವುಗಳಿಗೆ ಉಸಿರು ಕೊಡುತ್ತದೆ ಅಷ್ಟೆ. ಹಾಲಿಗೆ ಹೆಪ್ಪು ಇದ್ದ ಹಾಗೆ. ಹೆಪ್ಪಿನ ಗಡಿಗೆಗೆ ಸುಡುಸುಡು ನೀರು ಸುರಿದರೆ ಮೊಸರು ಎಲ್ಲಿಂದ ಬರಬೇಕು? ನೀವು ನನ್ನ ಮರ್ಯಾದೆಗೆಂದು ಸುರಿದದ್ದೆಲ್ಲ ಮೋರಿಯಿಂದ ಹರಿದು ಅಲ್ಲಿಗೇ ಹೋಯಿತು. ಎಲ್ಲ ಸತ್ತವು. ಅದರ ಮೇಲೆ ನಾನು ಬಂದು ಬಾಟಲಿ ತುಂಬಿಕೊಂಡೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು, ನೀನೂ ನಾನೂ ಕೂಡಿ.

ನಾನೂ ಎಂದು ಯಾಕೆ ಅನ್ನುತ್ತೇನೆ ಎಂದರೆ, ಕಾರ್ಡು ಹಾಕಿದವಳು ನಾನಲ್ಲವೇ? ಹೇಳದೆ ಬಂದಿದ್ದರೆ ನೀರು ಒಳ್ಳೆಯದೇ ಸಿಗುತ್ತಿತ್ತು. ಗೆಳತಿಗೆ ಉಪಕಾರ ಮಾಡುತ್ತೇನೆ ಎಂದುಕೊಂಡೆ. ಎರಡು ಸಲವೂ ನಿಮ್ಮ ಗೇಟಿನಲ್ಲೇ ಫಿನೈಲು ಮೂಗಿಗೆ ಹೊಡೆದಿತ್ತು. ಯಾವ ಶಾಲೆಗೆ ಹೋದರೂ ಅದೇ ವಾಸನೆ, ಸ್ವಚ್ಛ ಎಂದರೆ ಅದೇ ಎಂದು ನನ್ನ ಮೂಗೂ ಕಲಿತುಬಿಟ್ಟಿದೆ. ಕರೆವ್ವನ ಅರ್ಜಿಯನ್ನು ಮತ್ತೆ ತೆಗೆದು ಓದಿದೆ. ಹಳ್ಳ ನಾರಿದ್ದು ಆಗಸ್ಟ್ ಹದಿನೈದು ಆದ ಮೇಲೆ, ಆಮೇಲೆ ಶಿಕ್ಷಕರ ದಿನಾಚರಣೆ ಆದ ಮೇಲೆ. ನಿಮ್ಮಲ್ಲಿಗೆ ಪಾಹುಣ್ಯಾರು, ಅತಿಥಿಗಳು ಬರುತ್ತಾರೆಂದು ಫಿನೈಲು ಸುರಿದಾಗಲೆಲ್ಲ ಆಕೆಯ ಎಮ್ಮೆ ಬಾಯಾರಿ ನಿಂತಿದೆ.

ಸತ್ತ ತೊಟ್ಟಿಗೆ ಮತ್ತೆ ಹೆಪ್ಪು ಹಾಕಬೇಕು. ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ, ಸೋಸಿ, ದಿನಾ ಒಂದೊಂದು ಬಕೀಟು ಹಾಕಿ. ಮೋಟಾರು ನಿಲ್ಲಿಸಬೇಡಿ. ಕೆಲವು ವಾರ ಹಿಡಿಯುತ್ತದೆ.

ಇನ್ನೊಂದು ವಿಷಯ, ನೀನು ಸಿಟ್ಟಾಗುತ್ತೀಯ. ನೀನು ನನ್ನ ಬಾಲ್ಯದ ಗೆಳತಿ ಎಂದು, ನಾನು ಕಾರ್ಡು ಹಾಕಿದೆ ಎಂದು ಮೇಲಿನವರಿಗೆ ಹೇಳಿಬಿಟ್ಟೆ. ಬೈಗುಳ ತಿಂದೆ, ಸರಿಯೇ. ನಿಮ್ಮ ಫೈಲು ಈಗ ನಮ್ಮ ಆಫೀಸಿನ ಇನ್ನೊಬ್ಬ ಅಧಿಕಾರಿ ಇಜಾಜ ಸಾಹೇಬರ ಕೈಯಲ್ಲಿದೆ. ಖಡಕ್ ಮನುಷ್ಯ, ನೇರ ಮನುಷ್ಯ. ಕೊನೆಯ ತಪಾಸಣೆಗೆ ಅವರೇ ಬರುತ್ತಾರೆ, ಹೇಳದೆ ಬರುತ್ತಾರೆ. ಯಾವಾಗ ಎಂದು ನನಗೆ ಗೊತ್ತಿಲ್ಲ, ಗೊತ್ತಾದರೂ ಬರೆಯುವುದಿಲ್ಲ. ಇನ್ನು ಪರವಾನಗಿ ಸಿಗುವ ತನಕ ನಿನಗೆ ಬರೆಯುವುದೇ ಇಲ್ಲ. ನೀನೂ ಬರೆಯಬೇಡ.

ಸರೋಜವ್ವನನ್ನು ಮರೆತಿದ್ದೇನೆ ಎಂದೆಯಲ್ಲ. ನಾನು ಈಗಲೂ ಬಚ್ಚಲಲ್ಲಿ ಹಾಡು ಶುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತೇನೆ, ಬಾಗಿಲು ಬಡಿದಾರು ಎಂದು.

ನಿನ್ನ
ವಿದ್ಯಾ


ದುಂಡಸಿ
೪ ಜೂನ್ ೨೦೨೫

ವಿದ್ಯಾ,

ಪರವಾನಗಿ ಬಂತು! ಹೋದ ವಾರ ಬಂತು, ಹಾಸ್ಟೆಲು ತೆರೆಯುವ ಗಡಿಬಿಡಿ ಮುಗಿಸಿ ಇವತ್ತು ಬರೆಯುತ್ತಿದ್ದೇನೆ. ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕುಳಿತವಳಿಗೆ ಎಷ್ಟು ಮಾತು ಇರಬೇಡ.

ಸಗಣಿಗೆ ಎಲ್ಲಿಗೆ ಹೋದೆ ಹೇಳು? ಕರೆವ್ವನ ಹಟ್ಟಿಗೇ. ಬೈದಾಳು ಎಂದು ತಲೆ ತಗ್ಗಿಸಿಕೊಂಡು ನಿಂತೆ. "ನನ್ನ ಎಮ್ಮಿ ನೀರು ಕೆಡಿಸಿ ಈಗ ಎಮ್ಮಿ ಸಗಣೀನಽ ಕೇಳಾಕ ಬಂದೀರೇನ್ರಿ?" ಎಂದಳು. ಬೈದಳು, ಚೆನ್ನಾಗಿಯೇ ಬೈದಳು, ಬೈಯುತ್ತಲೇ ಬುಟ್ಟಿ ತುಂಬಿ ನನ್ನ ತಲೆಯ ಮೇಲೆ ಹೊರಿಸಿದಳು. ಮೂರನೆಯ ದಿನದಿಂದ ತಾನೇ ತಂದು ಸುರಿಯತೊಡಗಿದಳು. ತೊಟ್ಟಿಯ ಮೇಲಿನ ಬಿಳಿ ನೊರೆ ಹೋಗಿ ಗೋದಿ ಹುಗ್ಗಿಯ ಕಂದು ಬಣ್ಣ ಬಂತು, ಕೆಟ್ಟ ನಾತ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಹುಡುಗಿಯರಿಗೆ ಹೇಳಿದೆ, ಅದರೊಳಗೆ ಇರುವವೂ ನಮ್ಮ ಹಾಸ್ಟೆಲಿನವೇ, ಉಪವಾಸ ಹಾಕಬೇಡಿ, ವಿಷ ಹಾಕಬೇಡಿ ಎಂದು.

ಕಷ್ಟವಾದದ್ದು ಮುದಕವ್ವನನ್ನು ಕಟ್ಟಿಹಾಕುವುದು. ಮಾರ್ಚ್ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಇಜಾಜ ಸಾಹೇಬರ ಜೀಪು ಗೇಟಿಗೆ ಬಂತು. ಅಂಗಳದಲ್ಲಿ ಕಸ, ಕಟ್ಟೆಯ ಮೇಲೆ ಒಣಗಲು ಹಾಕಿದ ಲಂಗಗಳು, ಒಬ್ಬಳ ತಲೆಯಲ್ಲಿ ಇನ್ನೊಬ್ಬಳು ಹೇನು ನೋಡುತ್ತ ಕುಳಿತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮುದಕವ್ವ ಓಡಿಬಂದು ನನ್ನ ಕೈ ಹಿಡಿದಳು. "ಸಾಹೇಬ್ರು ಬಂದಾರ, ನಾ ಕಸಬರಗಿ ಹಿಡ್ಕೊಂಡು ಸುಮ್ನ ಕುಂದರ್ಲೇನ್ರಿ? ನನ್ನ ಮಾರಿ ಎಲ್ಲಿಡ್ಲಿ? ಒಂದಽ ಬಾಟ್ಲಿ ಹಾಕ್ತೇನ್ರಿ, ಒಂದಽ!" ಎಂದು ಅಳತೊಡಗಿದಳು. ಆಕೆಯನ್ನು ಅಡುಗೆಮನೆಯಲ್ಲಿ ಕೂಡಿಸಿ ಬಂದೆ.

ಸಾಹೇಬರು ಪಾಯಖಾನೆಯ ಬಾಗಿಲಲ್ಲಿ ನಿಂತು ಮೂಗು ಮುಚ್ಚಿದರು. "ಏನ್ರಿ ಮೇಡಂ, ಇದನ್ನ ತೊಳ್ಯಾಕ ಮಂದಿ ಇಲ್ಲೇನ್ರಿ?"

"ಅದಾರ್ರಿ ಸರ್. ನೀರ್ಲೆ ತಿಕ್ಕತಾರ್ರಿ, ಔಷಧ ನಾನಽ ಬ್ಯಾಡಂದೇನ್ರಿ."

ಅವರು ನನ್ನನ್ನೇ ನೋಡಿದರು. ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ಬಾಟಲಿ ತುಂಬಿ, ಬೆಳಕಿಗೆ ಹಿಡಿದರು. ಅದರ ಆಚೆ ಅವರ ಬೆರಳು ಕಾಣುತ್ತಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಹಾಸ್ಟೆಲು ತೆರೆದಿದ್ದೇವೆ. ಒಬ್ಬೊಬ್ಬರೇ ಟ್ರಂಕು ಹೊತ್ತು ಬಂದರು. ಬಚ್ಚಲಲ್ಲಿ ಮತ್ತೆ ಜಗಳ, ಮತ್ತೆ ಹಾಡು. ಆ ಸದ್ದು ಕೇಳಿದರೆ ನಾನು ಇಲ್ಲಿದ್ದೇನೋ ಸವಣೂರಿನಲ್ಲಿದ್ದೇನೋ ತಿಳಿಯುವುದಿಲ್ಲ.

ತಿಪ್ಪವ್ವ ಬಂದಿಲ್ಲ. ಗುತ್ತೆಪ್ಪನಿಗೆ ಫೋನು ಹಚ್ಚಿದೆ. "ಒಮ್ಮೆ ಮುಚ್ಚತೈತಿ ಅಂತೀರಿ, ಒಮ್ಮೆ ತೆರದೈತಿ ಅಂತೀರಿ. ನನ್ನ ಮಗಳೇನು ಚೆಂಡೇನ್ರಿ, ಅತ್ತಾಗ ಇತ್ತಾಗ ಒಗ್ಯಾಕ?" ಎಂದು ಇಟ್ಟುಬಿಟ್ಟ. ಹತ್ತನೆಯ ತರಗತಿಯ ಕೋಣೆಯಲ್ಲಿ ಮುಂದಿನ ಸಾಲಿನಲ್ಲಿ ಒಂದು ಜಾಗ ಹಾಗೆಯೇ ಬಿಟ್ಟಿದ್ದಾರೆ. ನಾನು ಹೇಳಿಲ್ಲ, ಹುಡುಗಿಯರೇ ಬಿಟ್ಟಿದ್ದಾರೆ.

ಇದನ್ನು ನಿನ್ನ ಮೇಲೆ ಹೊರಿಸಲು ಬರೆದಿಲ್ಲ. ಯಾರಿಗಾದರೂ ಹೇಳಬೇಕಿತ್ತು.

ನೀಲಾ


ಶಿಗ್ಗಾಂವ ಬಸ್ ನಿಲ್ದಾಣ
೧೫ ಜೂನ್ ೨೦೨೫

ನೀಲೀ,

ಬಸ್ಸು ಕಾಯುತ್ತ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ಹಿರೇಕೆರೂರಿಗೆ ಹೋದೆ. ಮನೆಯಲ್ಲಿ ತವರಿಗೆ ಎಂದು ಹೇಳಿದ್ದೆ, ತವರಿನಲ್ಲಿ ಚೀಲ ಇಟ್ಟವಳೇ ಪ್ಲಾಟು ಹುಡುಕಿಕೊಂಡು ನಡೆದೆ. ಹಸಿರು ಪರದೆಯ ಒಳಗೆ ಸಾಲುಸಾಲು ಟೊಮೆಟೊ ಗಿಡ, ಸಾಲುಸಾಲು ಹುಡುಗಿಯರು. ಯಾರ ಮುಖವೂ ಕಾಣುವುದಿಲ್ಲ, ಎಲ್ಲರೂ ಹೂವಿನ ಕಡೆಗೆ ಬಗ್ಗಿದ್ದಾರೆ. ಗುತ್ತೆಪ್ಪ ಬದುವಿನ ಮೇಲೆ ಕುಳಿತಿದ್ದ. ನಾನು ಶಾಲೆಯ ವಿಷಯ ಎತ್ತಿದ ಕೂಡಲೇ ಎದ್ದು ನಿಂತ.

"ಸಾಲಿ ಮುಚ್ಚತೈತಿ ಅಂತ ಸರ್ಕಾರದವರಽ ಕಾಗದ ಬರದಾರ್ರಿ. ಹೆಡ್‌ಮೇಡಮ್ಮಾರು ಎಲ್ಲಾರ ಮುಂದ ಓದಿ ಹೇಳ್ಯಾರ್ರಿ."

"ಆ ಕಾಗದ ಬರದಾಕಿ ನಾನಽ ಗುತ್ತೆಪ್ಪಾ," ಎಂದೆ. "ಮುಚ್ಚೋದಿಲ್ಲ ಅಂತ ಹೇಳಾಕೂ ನಾನಽ ಬಂದೇನಿ."

ಸಾಹೇಬರು ಇಷ್ಟು ದೂರ, ಜೀಪಿಲ್ಲದೆ, ಒಬ್ಬರೇ ಬಂದದ್ದು ಅವನಿಗೆ ನಂಬಿಕೆಯಾಗಲಿಲ್ಲ. ನಾನೂ ಬದುವಿನ ಮೇಲೆ ಕುಳಿತುಬಿಟ್ಟೆ. ನೀರು ಹೇಗೆ ಕೆಟ್ಟಿತು, ಹೇಗೆ ಸುಧಾರಿಸಿತು, ಫಿನೈಲಿನ ಕಥೆ, ಕರೆವ್ವನ ಸಗಣಿಯ ಕಥೆ ಎಲ್ಲ ಹೇಳಿದೆ. ಸಗಣಿ ಎಂದಾಗ ಅವನಿಗೆ ನಗು ಬಂತು. "ಹಂಗಾರ ತಪ್ಪು ಯಾರದ್ರಿ?" ಎಂದ. ನಮ್ಮೆಲ್ಲರದೂ, ನಿನ್ನ ಮಗಳದೊಂದು ಬಿಟ್ಟು, ಎಂದೆ. ಆಮೇಲೆ ಅವನು ಪರದೆಯ ಕಡೆ ತಿರುಗಿ ಮಗಳನ್ನು ಕೂಗಿದ. ನನಗೆ ಹೇಳಿದ್ದು ಇಷ್ಟೇ: "ಕಳಸ್ತೇನ್ರಿ. ಆದ್ರ ಇನ್ನೊಮ್ಮೆ ಮುಚ್ಚತೈತಿ ಅಂತ ಕಾಗದ ಬಂದ್ರ, ನಿಮ್ಮ ಮನೀ ಬಾಗಲಾಗ ತಂದು ಬಿಡಾಂವ."

ಹಾಗೆಯೇ ಮಾಡು ಎಂದು ಹೇಳಿದ್ದೇನೆ.

ಬಸ್ಸಿನಲ್ಲಿ ತಿಪ್ಪವ್ವ ಕಿಟಕಿಯ ಬದಿಗೆ ಕುಳಿತಳು. ಕೈ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಬೆರಳ ತುದಿಗಳೆಲ್ಲ ಹೂವಿನ ಪುಡಿಗೆ ಹಳದಿಯಾಗಿ, ಉಗುರಿನ ಪಕ್ಕ ಸೀಳಿವೆ. ನನಗೆ ಆ ಕೈ ನೋಡಲಾಗಲಿಲ್ಲ, ಹಿಡಿದುಕೊಂಡು ಕುಳಿತೆ. ಹಾವೇರಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಹಾಜರಿಯಾಗ ನನ್ನ ಹೆಸರು ಹೊಡದು ಹಾಕಿರ್ತಾರಲ್ರಿ?" ಗೊತ್ತಿಲ್ಲ, ನಿಮ್ಮ ಮೇಡಂಗೆ ಕೇಳು ಎಂದೆ. "ಹೊಡದಿದ್ರ ನಾ ಒಳಗ ಹೋಗೂದಿಲ್ರಿ" ಎಂದಳು. ಹಟ ನಿನ್ನ ಹಾಗೆಯೇ ಇದೆ.

ನಾನು ಅಲ್ಲಿಗೆ ಬರುವುದಿಲ್ಲ, ಸಿಟ್ಟಾಗಬೇಡ. ಪರವಾನಗಿಯ ಮೇಲಿನ ಮಸಿ ಇನ್ನೂ ಹಸಿಯಿದೆ. ನಾನು ನಿಮ್ಮ ಅಂಗಳದಲ್ಲಿ ಕಂಡರೆ ಇಜಾಜ ಸಾಹೇಬರ ಸಹಿಗೆ ಜನ ಕೆಸರು ಹಚ್ಚುತ್ತಾರೆ. ಅದನ್ನು ನಿನ್ನ ಶಾಲೆ ತಡೆಯಲಾರದು. ಬರಬೇಕೆಂದು ಮನಸ್ಸು ಎಷ್ಟು ಎಳೆಯುತ್ತಿದೆ ಎಂದು ಮಾತ್ರ ಕೇಳಬೇಡ.

ದುಂಡಸಿಯ ಬಸ್ಸು ಬಂತು. ನಿಮ್ಮೂರಿನ ಇಬ್ಬರು ಹೆಣ್ಣುಮಕ್ಕಳು ಹತ್ತುತ್ತಿದ್ದಾರೆ, ಅವರ ಜೊತೆಗೆ ಕೂಡಿಸುತ್ತೇನೆ. ಈ ಪತ್ರಕ್ಕೆ ಅಂಚೆಚೀಟಿ ಇಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವಳು ಬಾಗಿಲ ಹೊರಗೇ ನಿಂತಿದ್ದಾಳೆ. ಓದುವುದು ಸಾಕು, ನೀಲೀ. ತಲೆ ಎತ್ತು, ಹೆಸರು ಹಿಡಿದು ಕರೆ.

ವಿದ್ಯಾ